ಕಣ್ಣು, ಬೆಳಕು ಮತ್ತು ಮೆದುಳಿನ ಆಲ್ಫಾ ಅಲೆ



ಈಚಿನ ವರ್ಷಗಳಲ್ಲಿ ‘ಆಲ್ಫಾ ಅಲೆ’ ಎಂಬ ಮಾತು ವೈದ್ಯಗ್ರಂಥಗಳಿಂದ ಹೊರಬಂದು ಪ್ರವಚನ ಮಂಟಪಗಳವರೆಗೂ ತಲುಪಿದೆ. ಧ್ಯಾನದಿಂದ ಆಲ್ಫಾ ಹೆಚ್ಚುತ್ತದೆ, ಆಲ್ಫಾ ಹೆಚ್ಚಿದರೆ ರೋಗಗಳು ದೂರವಾಗುತ್ತವೆ, ಇಷ್ಟಲಿಂಗದಲ್ಲಿ ದೃಷ್ಟಿಯಿರಿಸಿದ ಕೂಡಲೇ ಮೆದುಳು ಆಲ್ಫಾ ಸ್ಥಿತಿಗೆ ಏರುತ್ತದೆ ಎಂಬ ಮಾತುಗಳನ್ನು ಭಕ್ತರು ಕೇಳಿಯೇ ಇರುತ್ತಾರೆ. ಇನ್ನೊಂದೆಡೆ, ಮೂರ್ಛೆರೋಗದ ಶಂಕೆಯಿಂದ ಮಗುವಿಗೆ ಇಇಜಿ ಪರೀಕ್ಷೆ ಮಾಡಿಸಿರೆಂದು ವೈದ್ಯರು ಸೂಚಿಸಿದಾಗ, ‘ತಲೆಗೆ ಕರೆಂಟು ಹಾಯಿಸುತ್ತಾರೆಯೆ?’ ಎಂದು ಅದೇ ಭಕ್ತರು ಗಾಬರಿಗೊಳ್ಳುತ್ತಾರೆ. ಒಂದು ಕಡೆ ಅತಿಯಾದ ನಂಬಿಕೆ, ಮತ್ತೊಂದು ಕಡೆ ಅತಿಯಾದ ಭಯ. ಎರಡಕ್ಕೂ ಕಾರಣ ಒಂದೇ. ಇಇಜಿ ಯಂತ್ರವು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದರ ಅರಿವು ನಮಗೆ ಇಲ್ಲದಿರುವುದು.

ಇದು ಕೇವಲ ಕುತೂಹಲದ ವಿಷಯವಲ್ಲ. ‘ಧ್ಯಾನದಿಂದ ಮೆದುಳಿನ ಅಲೆ ಸರಿಹೋಯಿತು, ಇನ್ನು ಮಾತ್ರೆ ಬೇಡ’ ಎಂದು ಮೂರ್ಛೆರೋಗದ ಔಷಧವನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಆದುದರಿಂದ ಈ ಸಂಚಿಕೆಯಲ್ಲಿ ಆಲ್ಫಾ ಅಲೆಯೆಂದರೇನು, ಬೆಳಕು ಮತ್ತು ದೃಶ್ಯಗಳಿಗೆ ಅದು ಹೇಗೆ ಸ್ಪಂದಿಸುತ್ತದೆ, ಇಷ್ಟಲಿಂಗದ ದೃಷ್ಟಿಯೋಗವನ್ನು ಆಚರಿಸುವವರು ಅದರಿಂದ ಏನನ್ನು ತಿಳಿಯಬಹುದು ಎಂಬುದನ್ನು ಕ್ರಮವಾಗಿ ವಿಚಾರ ಮಾಡೋಣ.

ಅಲೆಯನ್ನು ಕಂಡವರು

ಮೆದುಳಿನಲ್ಲಿ ವಿದ್ಯುತ್ತಿದೆ ಎಂಬುದು ಹೊಸ ಸಂಗತಿಯಲ್ಲ. ೧೮೭೫ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವೈದ್ಯ ರಿಚರ್ಡ್ ಕೇಟನ್ ಅವರು ಮೊಲ ಮತ್ತು ಕೋತಿಗಳ ಮೆದುಳಿನ ಮೇಲ್ಮೈಯಲ್ಲಿ ಅತಿ ಕ್ಷೀಣವಾದ ವಿದ್ಯುತ್ ಪ್ರವಾಹವನ್ನು ಗುರುತಿಸಿದರು. ೧೮೯೦ರಲ್ಲಿ ಪೋಲಿಷ್ ವಿಜ್ಞಾನಿ ಅಡಾಲ್ಫ್ ಬೆಕ್ ಅವರು, ಪ್ರಾಣಿಯ ಕಣ್ಣಿಗೆ ಬೆಳಕು ಬಿದ್ದಾಗ ಮೆದುಳಿನ ಸಹಜ ವಿದ್ಯುತ್ ಏರಿಳಿತಗಳು ನಿಂತುಹೋಗುವುದನ್ನು ದಾಖಲಿಸಿದರು. ಇಂದಿನ ನಮ್ಮ ವಿಷಯದ ಬೀಜ ಇದರಲ್ಲಿಯೇ ಇದೆ.

ಮನುಷ್ಯನ ಮೆದುಳಿನ ಅಲೆಗಳನ್ನು ತಲೆಬುರುಡೆಯ ಹೊರಗಿನಿಂದ ಮೊದಲು ದಾಖಲಿಸಿದವರು ಜರ್ಮನಿಯ ಯೆನಾ ನಗರದ ಮನೋವೈದ್ಯ ಹ್ಯಾನ್ಸ್ ಬರ್ಗರ್. ತರುಣರಾಗಿದ್ದಾಗ ಸೇನೆಯಲ್ಲಿ ಕುದುರೆಯಿಂದ ಬಿದ್ದು ಫಿರಂಗಿಗಾಡಿಯ ಗಾಲಿಗೆ ಸಿಲುಕುವುದರಿಂದ ಅವರು ಕೂದಲೆಳೆಯಲ್ಲಿ ಪಾರಾದರು. ಅದೇ ದಿನ ದೂರದೂರಿನಲ್ಲಿದ್ದ ಅವರ ಸೋದರಿಗೆ ಅಕಾರಣವಾಗಿ ಕಳವಳವುಂಟಾಗಿ, ತಂದೆಯಿಂದ ತಂತಿ ಕಳುಹಿಸಿ ಕ್ಷೇಮ ವಿಚಾರಿಸಿದಳಂತೆ. ಮನಸ್ಸಿನಿಂದ ಮನಸ್ಸಿಗೆ ಸಂದೇಶ ಹರಿಯುವುದಾದರೆ ಅದಕ್ಕೊಂದು ಭೌತಿಕ ಆಧಾರವಿರಬೇಕೆಂದು ಅವರು ಜೀವನವಿಡೀ ಹುಡುಕಿದರು. ೧೯೨೪ರಲ್ಲಿ ಮೊದಲ ದಾಖಲೆ ದೊರೆಯಿತು. ಐದು ವರ್ಷ ಪರೀಕ್ಷೆ, ಮರುಪರೀಕ್ಷೆ ನಡೆಸಿ ೧೯೨೯ರಲ್ಲಿ ಅದನ್ನು ಪ್ರಕಟಿಸಿದರು. ಅವರು ಹುಡುಕಿದ್ದ ಮನಃಶಕ್ತಿಯ ಸಂದೇಶ ಸಿಗಲಿಲ್ಲ. ಸಿಕ್ಕಿದ್ದು ಕಣ್ಣು ಮುಚ್ಚಿ ಕುಳಿತವರಲ್ಲಿ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ, ಕಣ್ಣು ತೆರೆದೊಡನೆ ಕುಗ್ಗುವ ಒಂದು ಅಲೆ. ತಾವು ಬಯಸಿದ್ದನ್ನು ಬರೆಯದೆ ಯಂತ್ರ ತೋರಿಸಿದ್ದನ್ನೇ ಬರೆದುದು ಅವರ ಹಿರಿಮೆ. ಆ ಅಲೆಗೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರವಾದ ‘ಆಲ್ಫಾ’ ಎಂಬ ಹೆಸರನ್ನಿತ್ತರು. ಮೊದಲು ಕಂಡದ್ದರಿಂದ ಮೊದಲ ಅಕ್ಷರ, ಅಷ್ಟೆ. ಆ ಹೆಸರಿನಲ್ಲಿ ಶ್ರೇಷ್ಠತೆಯ ಅರ್ಥವೇನೂ ಇಲ್ಲ.

ಹಲವು ವರ್ಷ ಬರ್ಗರ್ ಅವರ ಮಾತನ್ನು ಯಾರೂ ನಂಬಲಿಲ್ಲ. ನೊಬೆಲ್ ಪುರಸ್ಕೃತ ವಿಜ್ಞಾನಿ ಏಡ್ರಿಯನ್ ಮತ್ತು ಅವರ ಸಹೋದ್ಯೋಗಿ ಮ್ಯಾಥ್ಯೂಸ್ ಅವರು ೧೯೩೪ರಲ್ಲಿ ಕೇಂಬ್ರಿಡ್ಜಿನಲ್ಲಿ ತಮ್ಮ ತಲೆಗಳ ಮೇಲೆಯೇ ಪ್ರಯೋಗ ಮಾಡಿ ಅದನ್ನು ದೃಢಪಡಿಸಿದರು. ಏಡ್ರಿಯನ್ ಅವರು ಕಣ್ಣು ಮುಚ್ಚಿದೊಡನೆ ಆಲ್ಫಾ ಸ್ಪಷ್ಟವಾಗಿ ಮೂಡುತ್ತಿತ್ತು. ಮ್ಯಾಥ್ಯೂಸ್ ಅವರಲ್ಲಿ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಇಬ್ಬರೂ ಆರೋಗ್ಯವಂತರು, ಇಬ್ಬರೂ ಮೇಧಾವಿಗಳು. ಇಂದಿಗೂ ಆರೋಗ್ಯವಂತರಲ್ಲಿಯೇ ಕೆಲವರಿಗೆ ಆಲ್ಫಾ ತೀರ ಕಡಿಮೆ. ಅದು ರೋಗವೂ ಅಲ್ಲ, ಕೊರತೆಯೂ ಅಲ್ಲ.

ಅಳೆಯುವ ಬಗೆ

ಇಇಜಿ ಯಂತ್ರವು ತಲೆಗೆ ವಿದ್ಯುತ್ತನ್ನು ಕೊಡುವುದಿಲ್ಲ. ತಲೆಯಿಂದ ಬರುವ ವಿದ್ಯುತ್ತನ್ನು ಕೇಳಿಸಿಕೊಳ್ಳುತ್ತದೆ. ವೈದ್ಯನು ಎದೆಗೆ ಸ್ಟೆತಾಸ್ಕೋಪು ಇಟ್ಟಂತೆ ಇದು. ಆ ವಿದ್ಯುತ್ತಾದರೂ ಎಷ್ಟು? ಆಲ್ಫಾ ಅಲೆಯ ಎತ್ತರವು ಸಾಮಾನ್ಯವಾಗಿ ಐವತ್ತು ಮೈಕ್ರೋವೋಲ್ಟಿನ ಆಸುಪಾಸು. ಟಾರ್ಚಿನ ಒಂದು ಶೆಲ್ಲಿನಲ್ಲಿರುವ ಒಂದೂವರೆ ವೋಲ್ಟಿನ ಮೂವತ್ತು ಸಾವಿರದಲ್ಲೊಂದು ಭಾಗ.

ಪರೀಕ್ಷೆಗೆ ಮೊದಲು ತಲೆಗೆ ಎಣ್ಣೆ ಹಚ್ಚದೆ, ಕೂದಲನ್ನು ತೊಳೆದು ಒಣಗಿಸಿಕೊಂಡು ಹೋಗಬೇಕು. ೧೯೫೮ರಲ್ಲಿ ಪ್ರಕಟವಾದ ‘ಹತ್ತು-ಇಪ್ಪತ್ತು’ ಎಂಬ ಅಂತರರಾಷ್ಟ್ರೀಯ ಕ್ರಮದಂತೆ ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳತೆ ಮಾಡಿ, ಆ ದೂರದ ಶೇಕಡಾ ಹತ್ತು ಮತ್ತು ಇಪ್ಪತ್ತರ ಅಂತರದಲ್ಲಿ ಪುಟ್ಟ ಲೋಹದ ಬಟ್ಟಲುಗಳನ್ನು ಲೇಪದಿಂದ ಅಂಟಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ, ಕೂದಲು ತೆಗೆಯುವುದಿಲ್ಲ, ನೋವಿಲ್ಲ. ಸಾಮಾನ್ಯ ದಾಖಲೆಗೆ ಅರ್ಧ ಗಂಟೆಯಷ್ಟು ಕಾಲ ಸಾಕು. ಆಲ್ಫಾ ಅತ್ಯಂತ ಸ್ಪಷ್ಟವಾಗಿ ಕಾಣುವುದು ಹಿಂದಲೆಯಲ್ಲಿ. ಏಕೆಂದರೆ ಕಣ್ಣು ಮುಂದಿದ್ದರೂ, ಕಂಡದ್ದನ್ನು ಗ್ರಹಿಸುವ ಮೆದುಳಿನ ಭಾಗವು ಹಿಂದಲೆಯಲ್ಲಿದೆ.

ಈ ಅಳತೆಯಲ್ಲಿ ಮೋಸಹೋಗುವ ಸಂದರ್ಭಗಳೂ ಉಂಟು. ಕಣ್ಣುಗುಡ್ಡೆಯೇ ಒಂದು ಪುಟ್ಟ ವಿದ್ಯುತ್ಕೋಶದಂತಿರುವುದರಿಂದ ಒಮ್ಮೆ ರೆಪ್ಪೆ ಬಡಿದರೆ ಆಲ್ಫಾಕ್ಕಿಂತ ದೊಡ್ಡ ಅಲೆಯೇ ಮೂಡುತ್ತದೆ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಸ್ನಾಯುಗಳ ವಿದ್ಯುತ್ತು ಬೆರೆಯುತ್ತದೆ. ಕೋಣೆಯ ವಿದ್ಯುತ್ ತಂತಿಗಳಿಂದ ಸೆಕೆಂಡಿಗೆ ಐವತ್ತು ಕಂಪನಗಳ ಗದ್ದಲ ಸೇರುತ್ತದೆ. ತರಬೇತಿ ಪಡೆದ ತಂತ್ರಜ್ಞರು ಇವನ್ನೆಲ್ಲ ಬೇರ್ಪಡಿಸಿದ ಮೇಲೆಯೇ ದಾಖಲೆಗೆ ಅರ್ಥ ಬರುತ್ತದೆ. ಬಳಿಕ ಗಣಿತದ ಕ್ರಮದಿಂದ ಅಲೆಗಳನ್ನು ವಿಂಗಡಿಸಿ, ಸೆಕೆಂಡಿಗೆ ಎಂಟರಿಂದ ಹದಿಮೂರು ಬಾರಿ ಏರಿಳಿಯುವ ಭಾಗದ ಬಲವೆಷ್ಟೆಂದು ಲೆಕ್ಕ ಹಾಕುತ್ತಾರೆ. ಇದೇ ಆಲ್ಫಾ. ಚಿಕ್ಕ ಮಕ್ಕಳಲ್ಲಿ ಈ ಹಿಂದಲೆಯ ಲಯ ನಿಧಾನವಾಗಿರುತ್ತದೆ. ಸುಮಾರು ಮೂರನೆಯ ವಯಸ್ಸಿಗೆ ಎಂಟನ್ನು ಮುಟ್ಟಿ, ಮುಂದೆ ಹತ್ತರ ಸಮೀಪಕ್ಕೆ ನೆಲೆಗೊಳ್ಳುತ್ತದೆ.

ದೃಶ್ಯ ಕಂಡಾಗ ಅಲೆ ಏಕೆ ಕುಗ್ಗುತ್ತದೆ?

ಕಣ್ಣು ಮುಚ್ಚಿ ನೆಮ್ಮದಿಯಿಂದ, ಆದರೆ ಎಚ್ಚರದಿಂದ ಕುಳಿತಾಗ ಆಲ್ಫಾ ಏಳುತ್ತದೆ. ‘ಕಣ್ಣು ತೆರೆಯಿರಿ’ ಎಂದೊಡನೆ ಕುಗ್ಗುತ್ತದೆ. ಪರದೆಯ ಮೇಲೆ ಒಂದು ಚಿತ್ರವನ್ನು ತೋರಿಸಿದರೆ ಅರ್ಧ ಸೆಕೆಂಡಿನೊಳಗೆ ಅಲೆ ತಗ್ಗುತ್ತದೆ. ಚಿತ್ರ ಮರೆಯಾದ ಬಳಿಕ ಮತ್ತೆ ಏಳುತ್ತದೆ. ಒಂದೇ ಬಾರಿಯ ದಾಖಲೆಯಲ್ಲಿ ಇದು ಮಸುಕಾಗಿರಬಹುದಾದುದರಿಂದ ಸಂಶೋಧಕರು ಹತ್ತಾರು ಬಾರಿ ಚಿತ್ರ ತೋರಿಸಿ ಸರಾಸರಿ ತೆಗೆಯುತ್ತಾರೆ. ನೋಡುವ ಕೆಲಸ ಕಠಿಣವಾದಷ್ಟೂ ಸಾಮಾನ್ಯವಾಗಿ ಕುಗ್ಗುವಿಕೆ ಹೆಚ್ಚು.

ಇಲ್ಲಿ ಒಂದು ವಿರೋಧಾಭಾಸ ತೋರಬಹುದು. ಕೆಲಸ ಹೆಚ್ಚಾದಾಗ ಅಲೆ ಹೆಚ್ಚಬೇಕಲ್ಲವೆ? ಮಠದ ದಾಸೋಹ ಮಂದಿರವನ್ನು ನೆನೆಯಿರಿ. ಪಂಕ್ತಿಯಲ್ಲಿ ಕುಳಿತ ಸಾವಿರ ಜನ ಒಟ್ಟಾಗಿ ಮಂತ್ರ ಹೇಳುವಾಗ ಆ ಧ್ವನಿ ಏರಿಳಿಯುವುದು ಹೊರಗಿನ ಬೀದಿಗೂ ಕೇಳುತ್ತದೆ. ಪ್ರಸಾದ ಬಡಿಸಲಾರಂಭಿಸಿದ ಮೇಲೆ ಒಬ್ಬರು ಅನ್ನ ಕೇಳುತ್ತಾರೆ, ಒಬ್ಬರು ಸಾರು ಕೇಳುತ್ತಾರೆ, ಒಬ್ಬರು ಮಗುವನ್ನು ಕರೆಯುತ್ತಾರೆ. ಮಂದಿರದಲ್ಲಿ ಕೆಲಸ ಹೆಚ್ಚಾಗಿದೆ. ಆದರೆ ಹೊರಗೆ ನಿಂತವನಿಗೆ ಏರಿಳಿತದ ಲಯ ಕೇಳದು, ಬರಿಯ ಗುಜುಗುಜು ಕೇಳುತ್ತದೆ. ಮೆದುಳಿನ ಅಸಂಖ್ಯ ಜೀವಕೋಶಗಳೂ ಹಾಗೆಯೇ. ಒಂದೇ ತಾಳದಲ್ಲಿರುವಾಗ ದೊಡ್ಡ ಅಲೆ. ಒಂದೊಂದೂ ತನ್ನ ತನ್ನ ಕೆಲಸಕ್ಕೆ ತೊಡಗಿದಾಗ ಸಣ್ಣ ಅಲೆ. ಆದುದರಿಂದ ಅಲೆ ದೊಡ್ಡದಾದರೆ ಬುದ್ಧಿ ದೊಡ್ಡದಾಯಿತೆಂದು ತಿಳಿಯಬಾರದು.

ಇತ್ತೀಚಿನ ಸಂಶೋಧನೆಗಳು ಇನ್ನೊಂದು ಅಂಶವನ್ನು ಸೇರಿಸಿವೆ. ಆಲ್ಫಾ ಕೇವಲ ಆಲಸ್ಯದ ಅಲೆಯಲ್ಲ. ಬೇಡವಾದುದನ್ನು ತಡೆಯುವ ಬಾಗಿಲಿನಂತೆಯೂ ಅದು ವರ್ತಿಸುತ್ತದೆ. ನೋಟವನ್ನು ಕದಲಿಸದೆ ಗಮನವನ್ನು ಮಾತ್ರ ಬಲಬದಿಗೆ ಹರಿಸಿದರೆ, ಎಡಬದಿಯ ದೃಶ್ಯವನ್ನು ಗ್ರಹಿಸುವ ಬಲ ಹಿಂದಲೆಯಲ್ಲಿ ಆಲ್ಫಾ ಹೆಚ್ಚುತ್ತದೆ. ಎತ್ತ ಗಮನವಿಲ್ಲವೋ ಅತ್ತಣ ಬಾಗಿಲು ಮುಚ್ಚಿಕೊಳ್ಳುತ್ತದೆಂದು ಇದರ ತಾತ್ಪರ್ಯ.

ಕಣ್ಣು ತೆರೆದೂ ನೋಡದಿರುವುದು

ಹಾಗಾದರೆ ಆಲ್ಫಾವನ್ನು ಆಳುವುದು ಕಣ್ಣಿನ ರೆಪ್ಪೆಯೋ, ಬೆಳಕೋ ಅಥವಾ ಮನಸ್ಸೋ? ಕೇಂಬ್ರಿಡ್ಜಿನ ಆ ಪ್ರಯೋಗಗಳಲ್ಲಿಯೇ ಇದಕ್ಕೆ ಉತ್ತರದ ಸುಳಿವಿತ್ತು. ಕತ್ತಲೆಯಲ್ಲಿ ಏನನ್ನಾದರೂ ಕಾಣಲು ಪ್ರಯತ್ನಪಟ್ಟರೆ, ಕಾಣುವಂಥದ್ದು ಏನೂ ಇಲ್ಲದಿದ್ದರೂ ಆಲ್ಫಾ ಕುಗ್ಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಕಠಿಣ ಲೆಕ್ಕ ಮಾಡಿದಾಗಲೂ ಕುಗ್ಗುತ್ತಿತ್ತು. ೧೯೬೭ರಲ್ಲಿ ಇನ್ನೊಂದು ಸೂಕ್ಷ್ಮ ಪ್ರಯೋಗ ನಡೆಯಿತು. ವಿಶೇಷ ಉಪಕರಣದಿಂದ ಒಂದು ಚಿತ್ರವನ್ನು ಕಣ್ಣಿನ ಪರದೆಯ ಮೇಲೆ ಕದಲದಂತೆ ನಿಲ್ಲಿಸಿದರು. ಕದಲದ ಚಿತ್ರವು ಕೆಲಹೊತ್ತಿನಲ್ಲಿ ನೋಡುವವನ ಅರಿವಿನಿಂದ ತಾನೇ ಮಾಸಿಹೋಗುತ್ತದೆ. ಚಿತ್ರ ಮಾಸಿದಾಗ ಕಣ್ಣು ತೆರೆದೇ ಇದ್ದರೂ ಆಲ್ಫಾ ಏಳುತ್ತಿತ್ತು. ಚಿತ್ರ ಮರಳಿ ಕಂಡಾಗ ಕುಗ್ಗುತ್ತಿತ್ತು.

ಇದರ ಹೋಲಿಕೆಯನ್ನು ಓದುಗರು ಮನೆಯಲ್ಲಿಯೇ ಕಾಣಬಹುದು. ಗೋಡೆಯ ಮೇಲಿನ ಒಂದು ಚುಕ್ಕೆಯಲ್ಲಿ ನೋಟವನ್ನು ನೆಟ್ಟರೆ ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದ ಮಸುಕಾದ ಗುರುತುಗಳು ಕರಗಿದಂತಾಗುತ್ತವೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ ೧೮೦೪ರಲ್ಲಿಯೇ ಇದನ್ನು ಬಣ್ಣಿಸಿದ್ದರು. ಬದಲಾವಣೆಯಿಲ್ಲದುದನ್ನು ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಮ್ಮ ಆಯುರ್ವೇದಾಚಾರ್ಯರು ಯಂತ್ರವಿಲ್ಲದೆಯೇ ಇದರ ತತ್ತ್ವವನ್ನು ಬೇರೊಂದು ಬಗೆಯಲ್ಲಿ ಹೇಳಿದ್ದಾರೆ. ಆತ್ಮ, ಇಂದ್ರಿಯ, ಮನಸ್ಸು ಮತ್ತು ವಿಷಯಗಳ ಸಂಯೋಗದಿಂದಲೇ ಪ್ರತ್ಯಕ್ಷ ಜ್ಞಾನವೆಂಬುದು ಚರಕಸಂಹಿತೆಯ ನಿಲುವು. ಮನಸ್ಸು ಕೂಡದಿದ್ದರೆ ಕಣ್ಣು ತೆರೆದಿದ್ದರೂ ಕಂಡಂತಾಗದು. ಭೇಲಸಂಹಿತೆಯು ಆಲೋಚಕ ಪಿತ್ತವನ್ನು ಕಣ್ಣಿಗೆ ಸಂಬಂಧಿಸಿದುದು, ಬುದ್ಧಿಗೆ ಸಂಬಂಧಿಸಿದುದು ಎಂದು ಎರಡಾಗಿ ವಿಂಗಡಿಸಿದೆ. ಆದರೆ ‘ಆಲ್ಫಾ ಎಂದರೆ ಇಂಥದೇ ದೋಷ’ ಎಂದು ಸಮೀಕರಣ ಮಾಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಸಲ್ಲುವ ಮಾತಲ್ಲ. ಒಂದು ಅನುಭವದಿಂದ ಕಂಡ ತತ್ತ್ವ. ಮತ್ತೊಂದು ಯಂತ್ರದಿಂದ ಕಂಡ ಸಂಖ್ಯೆ. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಗೌರವಾರ್ಹ.

ಯೋಗಿಗಳ ಮೇಲಿನ ಪರೀಕ್ಷೆಗಳು

೧೯೬೧ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಅವರು ಯೋಗಿಗಳ ಇಇಜಿ ಅಧ್ಯಯನವನ್ನು ಪ್ರಕಟಿಸಿದರು. ಸಮಾಧಿಯ ಅಭ್ಯಾಸವಿದ್ದ ನಾಲ್ವರನ್ನು ಅವರು ಪರೀಕ್ಷಿಸಿದ್ದರು. ಧ್ಯಾನದಲ್ಲಿ ಇಲ್ಲದಿದ್ದಾಗ ತೀಕ್ಷ್ಣ ಬೆಳಕು, ದೊಡ್ಡ ಸದ್ದು, ಬಿಸಿ ಗಾಜಿನ ಸ್ಪರ್ಶ ಇವುಗಳಿಂದ ಅವರ ಆಲ್ಫಾ ನಮ್ಮೆಲ್ಲರಂತೆಯೇ ಕುಗ್ಗುತ್ತಿತ್ತು. ಧ್ಯಾನದಲ್ಲಿದ್ದಾಗ ಅದೇ ಪ್ರಚೋದನೆಗಳಿಂದ ಕುಗ್ಗಲಿಲ್ಲ. ಬೇರೆ ಇಬ್ಬರು ಯೋಗಿಗಳು ನಾಲ್ಕು ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಗೂ ಮೀರಿ ಕೈಯಿಟ್ಟಾಗಲೂ ಆಲ್ಫಾ ಹಾಗೆಯೇ ಉಳಿದಿತ್ತು.

೧೯೬೬ರಲ್ಲಿ ಜಪಾನಿನ ಕಸಾಮತ್ಸು ಮತ್ತು ಹಿರಾಯಿ ಅವರು ಝೆನ್ ಸಾಧಕರ ಅಧ್ಯಯನವನ್ನು ಪ್ರಕಟಿಸಿದರು. ಝೆನ್ ಸಾಧಕರು ಕಣ್ಣು ತೆರೆದೇ, ದೃಷ್ಟಿಯನ್ನು ಕೆಳಗಿರಿಸಿ ಕುಳಿತುಕೊಳ್ಳುತ್ತಾರೆ. ಆದರೂ ಧ್ಯಾನ ಆರಂಭವಾದ ಒಂದು ನಿಮಿಷದೊಳಗೇ ಅವರಲ್ಲಿ ಆಲ್ಫಾ ಕಾಣಿಸಿಕೊಂಡಿತು. ಸದ್ದು ಕೇಳಿದಾಗ ಆಲ್ಫಾ ಎರಡು ಮೂರು ಸೆಕೆಂಡು ಕುಗ್ಗಿ ಮರಳಿ ಬರುತ್ತಿತ್ತು. ಇಪ್ಪತ್ತು ಬಾರಿ ಸದ್ದು ಮಾಡಿದರೂ ಪ್ರತಿ ಬಾರಿಯೂ ಹಾಗೆಯೇ. ಸಾಧನೆಯಿಲ್ಲದವರಲ್ಲಿಯಾದರೋ ಸದ್ದು ರೂಢಿಯಾದಂತೆ ಸ್ಪಂದನ ಕಡಿಮೆಯಾಗುತ್ತ ಹೋಯಿತು. ಅಂದರೆ ಯೋಗಿಗಳಲ್ಲಿ ಹೊರಗಿನ ಸದ್ದು ಒಳಗೆ ಬರಲೇ ಇಲ್ಲ. ಝೆನ್ ಸಾಧಕರಲ್ಲಿ ಪ್ರತಿಯೊಂದು ಸದ್ದೂ ಹೊಸದಾಗಿ ಕೇಳಿತು, ಕೇಳಿ ಹೊರಟುಹೋಯಿತು.

ಇವು ಮನನೀಯ ಫಲಿತಾಂಶಗಳು. ಆದರೆ ಇವುಗಳ ಮುಂದಿನ ಕಥೆಯನ್ನೂ ತಿಳಿದಿರಬೇಕು. ಮೊದಲ ಅಧ್ಯಯನದಲ್ಲಿದ್ದವರು ಬೆರಳೆಣಿಕೆಯ ಜನ. ೧೯೮೧ರಲ್ಲಿ ಬೆಕರ್ ಮತ್ತು ಶಪೀರೊ ಅವರು ಝೆನ್ ಹಾಗೂ ಯೋಗ ಸಾಧಕರನ್ನು ಸದ್ದಿನಿಂದ ಪರೀಕ್ಷಿಸಿದಾಗ, ಸಾಧಕರಿಗೂ ಇತರರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಕಣ್ಣುಗುಡ್ಡೆಯನ್ನು ಮೇಲಕ್ಕೆ ತಿರುಗಿಸಿ ನೋಟವನ್ನು ಸಡಿಲ ಬಿಟ್ಟರೆ ಸಾಕು, ಆಲ್ಫಾ ಏಳಬಹುದೆಂಬುದೂ ಅರವತ್ತರ ದಶಕದಲ್ಲಿಯೇ ತಿಳಿದುಬಂದಿತ್ತು. ಆಲ್ಫಾವನ್ನು ಹೆಚ್ಚಿಸಿಕೊಳ್ಳಲು ಯಂತ್ರದಿಂದ ತರಬೇತಿ ನೀಡುವ ಪದ್ಧತಿ ಅಮೆರಿಕದಲ್ಲಿ ಜನಪ್ರಿಯವಾದಾಗ, ೧೯೭೩ರಲ್ಲಿ ಪಾಸ್ಕೆವಿಟ್ಜ್ ಮತ್ತು ಓರ್ನ್ ಅವರು ಪರೀಕ್ಷಿಸಿ ನೋಡಿದರು. ಪೂರ್ಣ ಕತ್ತಲೆಯಲ್ಲಿ ಸುಮ್ಮನೆ ಕುಳಿತಾಗ ಇರುವ ಆಲ್ಫಾವನ್ನು ತರಬೇತಿಯಿಂದ ಮೀರಿಸಲಾಗಲಿಲ್ಲ.

ಇನ್ನೊಂದು ಗಂಭೀರವಾದ ಸಂಗತಿಯುಂಟು. ಹೃದಯಸ್ತಂಭನದಿಂದ ಮೆದುಳಿಗೆ ಆಮ್ಲಜನಕ ತಪ್ಪಿ ಕೋಮಾಕ್ಕೆ ಜಾರಿದ ಕೆಲವು ರೋಗಿಗಳಲ್ಲಿಯೂ ತಲೆತುಂಬ ಆಲ್ಫಾ ಕಾಣುತ್ತದೆ. ಅದು ಬೆಳಕಿಗಾಗಲಿ ಸದ್ದಿಗಾಗಲಿ ಕುಗ್ಗುವುದಿಲ್ಲ. ‘ಆಲ್ಫಾ ಕೋಮಾ’ ಎಂದು ಕರೆಯಲಾಗುವ ಆ ಸ್ಥಿತಿ ಸಾಮಾನ್ಯವಾಗಿ ಕೆಟ್ಟ ಸೂಚನೆ. ಯೋಗಿಯಲ್ಲಿ ಕುಗ್ಗದ ಆಲ್ಫಾ, ಮರಣೋನ್ಮುಖನಲ್ಲಿ ಕುಗ್ಗದ ಆಲ್ಫಾ! ರೇಖೆಯನ್ನಷ್ಟೇ ನೋಡದೆ ಮನುಷ್ಯನನ್ನೂ ನೋಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಷ್ಟಲಿಂಗ ದೃಷ್ಟಿಯೋಗ

ನಮ್ಮ ಪರಂಪರೆಯಲ್ಲಿ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿರಿಸಿ, ಕಣ್ಣು ತೆರೆದು, ನೋಟವನ್ನು ಅದರಲ್ಲಿ ನಿಲ್ಲಿಸುವ ಸಾಧನೆಯಿದೆ. ಲಿಂಗದ ಕಂತೆಯ ಕಪ್ಪು ನುಣುಪಿನಲ್ಲಿ ಬೆಳಕಿನ ಒಂದು ಬಿಂದು ಪ್ರತಿಫಲಿಸುತ್ತದೆ. ಕರಸ್ಥಲದ ಲಿಂಗದಲ್ಲಿ ಎವೆಯಿಕ್ಕದ ದೃಷ್ಟಿಯನ್ನಿಟ್ಟು ಕುಳಿತಿದ್ದ ಅನಿಮಿಷಯ್ಯನನ್ನು ಅಲ್ಲಮಪ್ರಭುಗಳು ಕಂಡ ಪ್ರಸಂಗವು ಶೂನ್ಯಸಂಪಾದನೆಯನ್ನು ಬಲ್ಲ ಭಕ್ತರಿಗೆಲ್ಲ ಪರಿಚಿತ.

ಈವರೆಗೆ ತಿಳಿದುದನ್ನು ಇದಕ್ಕೆ ಅನ್ವಯಿಸಿ ನೋಡೋಣ. ಪೂಜೆಯ ಆರಂಭದಲ್ಲಿ ಕಣ್ಣು ನೋಡುತ್ತದೆ: ಲಿಂಗದ ಆಕಾರ, ವಿಭೂತಿಯ ಬಿಳುಪು, ದೀಪದ ಬಿಂಬ. ಆಗ ಆಲ್ಫಾ ಕುಗ್ಗಬೇಕಾದುದೇ ಸಹಜ. ‘ಲಿಂಗದ ಮೇಲೆ ಕಣ್ಣಿಟ್ಟ ಕೂಡಲೇ ಆಲ್ಫಾ ಏರುತ್ತದೆ’ ಎಂಬ ಮಾತು ಅದರಿಂದಲೇ ಸಡಿಲವಾದುದು. ದೃಷ್ಟಿ ನೆಲೆನಿಂತು, ಸುತ್ತಣ ವಸ್ತುಗಳು ಮಾಸಿ, ನೋಡುವ ಪ್ರಯತ್ನವೇ ಶಾಂತವಾದಾಗ ಕಣ್ಣು ತೆರೆದಿರುವಂತೆಯೇ ಆಲ್ಫಾ ಏಳುವುದು ಸಾಧ್ಯ. ಝೆನ್ ಸಾಧಕರ ದಾಖಲೆ ಮತ್ತು ಕದಲದ ಚಿತ್ರದ ಪ್ರಯೋಗಗಳು ಇದನ್ನು ಸೂಚಿಸುತ್ತವೆ. ಮತ್ತೆ ಕಣ್ಣು ಮುಚ್ಚಿ ಲಿಂಗವನ್ನು ಒಳಗೆ ಕಾಣುವಾಗ ಅದು ಇನ್ನಷ್ಟು ಏಳಬಹುದು. ನಿದ್ದೆ ಹತ್ತಿದರೆ ಆಲ್ಫಾ ಚದುರಿ ಅದಕ್ಕಿಂತ ನಿಧಾನವಾದ ಅಲೆಗಳು ಬರುತ್ತವೆ. ತೂಕಡಿಕೆಯನ್ನೇ ಧ್ಯಾನವೆಂದು ತಿಳಿದವರನ್ನು ಮಾತ್ರ ಇಇಜಿ ಯಂತ್ರ ಖಂಡಿತವಾಗಿ ಹಿಡಿದುಕೊಡುತ್ತದೆ!

ಹೀಗೆ ಯಂತ್ರವು ಅಳೆಯುವುದು ನೋಟದ ಕೆಲಸ ನಡೆದಿದೆಯೋ ನಿಂತಿದೆಯೋ ಎಂಬುದನ್ನು. ನೋಡುವವನ ಅಂತರಂಗದಲ್ಲಿ ಭಕ್ತಿಯಿದೆಯೋ, ಅಹಂಕಾರವಿದೆಯೋ, ಪೂಜೆಯಿಂದೆದ್ದ ಮೇಲೆ ಅವನು ಮನೆಯವರೊಡನೆ ಮೃದುವಾಗಿ ಮಾತನಾಡುತ್ತಾನೆಯೋ ಇಲ್ಲವೋ ಎಂಬುದನ್ನು ಅದು ಅಳೆಯಲಾರದು. ಪೂಜೆಗೆ ಆಲ್ಫಾದ ಪ್ರಮಾಣಪತ್ರ ಬೇಕಿಲ್ಲ. ಹಾಗೆಯೇ ಪೂಜೆಯ ಹೆಸರಿನಲ್ಲಿ ವಿಜ್ಞಾನದ ಮಾತನ್ನು ಹಿಗ್ಗಿಸುವುದೂ ಬೇಡ.

ಸಾಧಕರಿಗೆ ಕೆಲವು ಆರೋಗ್ಯ ಸೂಚನೆಗಳು:

೧. ನೋಟ ಸ್ಥಿರವಾಗಿರಲಿ, ಬಿಗಿಯಾಗಿರದಿರಲಿ. ಹೊಸಬರು ಬಲವಂತದಿಂದ ರೆಪ್ಪೆಗಳನ್ನು ತಡೆಯಬಾರದು. ಕಣ್ಣೀರಿನ ಪದರ ಒಣಗಿದರೆ ಉರಿ, ಕೆಂಪು ಬರುತ್ತವೆ. ಆರಂಭದಲ್ಲಿ ಎರಡು ಮೂರು ನಿಮಿಷ ಸಾಕು.

೨. ದೀಪವು ಗಾಳಿಗೆ ಹೊಯ್ದಾಡದ ಸ್ಥಳದಲ್ಲಿರಲಿ. ಮಿಣುಕುವ ಬಣ್ಣದ ವಿದ್ಯುತ್ ಸರಗಳು ಪೂಜೆಯ ಜಾಗದಲ್ಲಿ ಬೇಡ.

೩. ನೋಟ ಮಸುಕಾಗಿ ಅಂಚುಗಳು ಕರಗಿದಂತೆ ಕಂಡರೆ ಹೆದರಬೇಡಿ, ಅದನ್ನೇ ಸಿದ್ಧಿಯೆಂದು ಹಿಗ್ಗಲೂ ಬೇಡಿ. ಅದು ಕಣ್ಣಿನ ಸಹಜ ಧರ್ಮ. ಆದರೆ ಪೂಜೆಯ ಹೊರಗೂ ನೋಟ ಮಸುಕಾಗಿದ್ದರೆ ನೇತ್ರವೈದ್ಯರನ್ನು ಕಾಣಿರಿ.

೪. ರಾತ್ರಿ ಸಾಕಷ್ಟು ನಿದ್ದೆ, ವಾರಕ್ಕೊಮ್ಮೆಯಾದರೂ ತಲೆಗೂ ಪಾದಕ್ಕೂ ಎಣ್ಣೆಯ ಅಭ್ಯಂಗ, ಮಲಗುವ ಮುನ್ನ ಮೊಬೈಲಿನಿಂದ ವಿರಾಮ. ಇವು ತರ್ಪಕ ಕಫವನ್ನು ಪೋಷಿಸಿ ಇಂದ್ರಿಯಗಳನ್ನು ಪ್ರಸನ್ನವಾಗಿಡುತ್ತವೆ.

ಬೆಳಕೇ ತೊಂದರೆಯಾಗುವ ಸಂದರ್ಭ

ಇಇಜಿ ಪರೀಕ್ಷೆಯಲ್ಲಿ ಕಣ್ಣ ಮುಂದೆ ದೀಪವನ್ನು ಬೇರೆ ಬೇರೆ ವೇಗದಲ್ಲಿ ಮಿನುಗಿಸುತ್ತಾರೆ. ಆಗ ಹಿಂದಲೆಯ ಅಲೆಗಳು ಮಿನುಗಿನ ತಾಳವನ್ನೇ ಹಿಡಿಯುತ್ತವೆ. ಇದು ಸಹಜ. ಆದರೆ ಕೆಲವರಲ್ಲಿ, ಹೆಚ್ಚಾಗಿ ಮಕ್ಕಳು ಮತ್ತು ಹದಿಹರೆಯದವರಲ್ಲಿ, ಸೆಕೆಂಡಿಗೆ ಹದಿನೈದರಿಂದ ಇಪ್ಪತ್ತೈದರಷ್ಟು ಮಿನುಗು ಅಪಸ್ಮಾರದ ಅಲೆಗಳನ್ನು ಎಬ್ಬಿಸಬಲ್ಲದು. ೧೯೯೭ರ ಡಿಸೆಂಬರ್ ೧೬ರಂದು ಜಪಾನಿನ ಟಿವಿಯಲ್ಲಿ ‘ಪೋಕೆಮಾನ್’ ಎಂಬ ಮಕ್ಕಳ ಕಾರ್ಟೂನು ಪ್ರಸಾರವಾದಾಗ, ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಹನ್ನೆರಡು ಬಾರಿ ಮಿನುಗಿದ ದೃಶ್ಯವೊಂದರಿಂದ ಸುಮಾರು ೬೮೫ ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು.

ಜಾತ್ರೆ, ಮೆರವಣಿಗೆಗಳಲ್ಲಿ ಈಗ ಬಳಕೆಯಾಗುವ ಮಿನುಗುದೀಪಗಳು, ಸಾಲುಮರಗಳ ನಡುವೆ ವಾಹನ ಓಡುವಾಗ ಕಣ್ಣಿಗೆ ಹೊಡೆಯುವ ಬಿಸಿಲು ಇವು ಅಂಥವರಿಗೆ ತೊಂದರೆ ಕೊಡಬಲ್ಲವು. ಬರಿಯ ಕಣ್ಣು ಮುಚ್ಚಿದರೆ ಸಾಲದು. ರೆಪ್ಪೆಯ ಮೂಲಕವೂ ಬೆಳಕು ಹಾಯುತ್ತದೆ. ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿಯಾಗಿ ಮುಚ್ಚಿಕೊಂಡು ಮುಖ ತಿರುಗಿಸುವುದು ಒಳ್ಳೆಯ ಉಪಾಯ.

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಸಮಯ ನೋಡಿಕೊಳ್ಳಿರಿ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಬರೆದ ಮಾತ್ರೆಗಳನ್ನು ಅವರ ಸಲಹೆಯಿಲ್ಲದೆ ಒಂದು ದಿನವೂ ನಿಲ್ಲಿಸಕೂಡದು. ಹಠಾತ್ತಾಗಿ ನಿಲ್ಲಿಸಿದರೆ ಬಿಡುವಿಲ್ಲದೆ ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆಯುರ್ವೇದದ ವೈದ್ಯರಾದ ನಾವೇ ಇದನ್ನು ಒತ್ತಿ ಹೇಳುತ್ತಿದ್ದೇವೆ. ಮೇಧ್ಯ ಔಷಧಗಳು, ಪಥ್ಯ, ಪೂಜೆ ಇವು ಚಿಕಿತ್ಸೆಯ ಜೊತೆಗಿರಲಿ. ಅದರ ಬದಲಿಗೆ ಬೇಡ. ಒಂದು ಇಇಜಿ ದಾಖಲೆ ಸರಿಯಾಗಿ ಬಂದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದೂ ಆಗದು. ಆ ಅರ್ಧ ಗಂಟೆಯಲ್ಲಿ ಕಾಣದ ದೋಷ ಬೇರೊಂದು ವೇಳೆಯಲ್ಲಿ ಇರಬಹುದು.

ಆಲ್ಫಾ ಅಲೆಯನ್ನು ಹೆಚ್ಚಿಸುತ್ತೇವೆಂದು ಮಾರಾಟವಾಗುವ ಮಿನುಗುವ ಕನ್ನಡಕಗಳು, ತಲೆಪಟ್ಟಿಗಳು ಮುಂತಾದವುಗಳ ಬಗೆಗೂ ಎಚ್ಚರವಿರಲಿ. ಮನೆಯಲ್ಲಿ ಮೂರ್ಛೆರೋಗದ ಹಿನ್ನೆಲೆಯಿದ್ದರೆ ಮಿನುಗುವ ಸಾಧನಗಳನ್ನು ಮುಟ್ಟಲೇಬಾರದು. ಕಣ್ಣು ಮುಚ್ಚಿ ನೆಮ್ಮದಿಯಿಂದ ಕುಳಿತರೆ ಬಹುಮಂದಿಗೆ ಹಣವಿಲ್ಲದೆ ದೊರೆಯುವ ಅಲೆಗೆ ಸಾವಿರಾರು ರೂಪಾಯಿ ತೆರುವುದೇಕೆ?

ಯಂತ್ರಕ್ಕೆ ಅದರ ಕೆಲಸವನ್ನು ಬಿಡೋಣ: ರೋಗವನ್ನು ಗುರುತಿಸುವುದು, ನೋಟ ಮತ್ತು ಗಮನಗಳ ಮರ್ಮವನ್ನು ತಿಳಿಸುವುದು. ಅಂಗೈಯ ಲಿಂಗಕ್ಕೆ ಅದರ ಸ್ಥಾನವನ್ನು ಬಿಡೋಣ. ಪರೀಕ್ಷೆಗೆ ಹೋಗುವವರು ನಿರ್ಭಯವಾಗಿ ಹೋಗಿರಿ. ಪೂಜೆಗೆ ಕೂರುವವರು ಅಲೆಗಳ ಲೆಕ್ಕವನ್ನು ಮರೆತು ಕೂರಿರಿ.